ಅತ್ತೆಯ ಡಬ್ಬಿಯಲ್ಲಿ ಉಳಿದ ಬೋಲ್ಟುಗಳು

ಹಳೆಯ ಗಾಡಿ ಕೊಂಡವರ ಮನೆಯಲ್ಲಿ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಅದನ್ನು ತಾವೇ ರಿಪೇರಿ ಮಾಡುತ್ತೇವೆಂದು ಹೊರಟವರ ಮನೆಯಲ್ಲಂತೂ ವಾರಕ್ಕೆರಡು ನಡೆಯುತ್ತವೆ. ನಾನು ಈ ಎರಡನೆಯವರ ಪೈಕಿ.

ನಮ್ಮ ಮನೆ ರಾಯಚೂರಿನಲ್ಲಿ, ನನ್ನ ನೌಕರಿ ದೇವದುರ್ಗದ ಹೈಸ್ಕೂಲಿನಲ್ಲಿ. ವಿಜ್ಞಾನ ಕಲಿಸುತ್ತೇನೆ. ಮಾನ್ವಿಯ ಬಟ್ಟೆ ವ್ಯಾಪಾರಿಯೊಬ್ಬರಿಂದ ಹತ್ತು ವರ್ಷ ಓಡಿದ ದೊಡ್ಡದೊಂದು ಬಿಳಿ ಎಸ್‌ಯುವಿ ಕೊಂಡೆ. ಕೊಂಡದ್ದು ನನಗಾಗಿ ಅಲ್ಲ, ಅತ್ತೆಗಾಗಿ. ಮೊಣಕಾಲು ನೋವಿನಿಂದ ಅವರಿಗೆ ಬಸ್ಸು ಹತ್ತಲು ಆಗುವುದಿಲ್ಲ. ನೀರಮಾನ್ವಿ ಯಲ್ಲಮ್ಮನ ಗುಡಿಗೆ ಹೋಗದೆ ಎರಡು ವರ್ಷವಾಗಿತ್ತು. ಮಂಗಳವಾರ ಬಂತೆಂದರೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಆ ದಿಕ್ಕಿಗೆ ಕೈ ಮುಗಿಯುತ್ತಿದ್ದರು. 

ಗ್ಯಾರೇಜಿಗೆ ಯಾಕೆ ಹೋಗುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಒಮ್ಮೆ ಹೋಗಿದ್ದೆ. ನಾನು ಕೇಳಿದ ಪ್ರಶ್ನೆಗೆಲ್ಲ ಮಿಸ್ತ್ರಿ ನನ್ನ ಗಂಡನ ಮುಖ ನೋಡಿ ಉತ್ತರ ಹೇಳಿದ. ನನ್ನ ಗಂಡನಿಗೆ ಗಾಡಿಯ ಮುಂದು ಯಾವುದು ಹಿಂದು ಯಾವುದು ಎಂಬುದಷ್ಟೇ ಗೊತ್ತು. ಆದರೂ ಅವರು ಗಂಭೀರವಾಗಿ ತಲೆ ಆಡಿಸಿದರು. ಮರುದಿನವೇ ಬಜಾರಿಗೆ ಹೋಗಿ ಬೋಲ್ಟು ಬಿಚ್ಚಲು ಒಂದು ಸೆಟ್ ಪಾನಾ ತಂದೆ.

೧. ಇಲಿಯ ಸಂಸಾರ

ಮೊದಲ ಭಾನುವಾರ ಎಸಿಯ ಫಿಲ್ಟರ್ ಬಿಚ್ಚಿದೆ. ಫೋನಿನಲ್ಲಿ ವಿಡಿಯೋ ನೋಡುತ್ತ, ಅದರಲ್ಲಿನವನು ಹೇಳಿದಂತೆ ಡ್ಯಾಶ್‌ಬೋರ್ಡಿನ ಖಾನೆ ತೆಗೆದು ಒಳಗೆ ಕೈ ಹಾಕಿದೆ. ಅವನಿಗೆ ಫಿಲ್ಟರ್ ಸಿಕ್ಕಿತು. ನನಗೆ ಇಲಿಯ ಗೂಡು ಸಿಕ್ಕಿತು.

ಪುಣ್ಯಕ್ಕೆ ಇಲಿ ಖಾಲಿ ಮಾಡಿ ಹೋಗಿತ್ತು. ಗೂಡು ಮಾತ್ರ ನೋಡುವಂತಿತ್ತು. ಕೆಳಗೆ ಹತ್ತಿ, ಅದರ ಮೇಲೆ ಶೇಂಗಾ ಸಿಪ್ಪೆ, ಮಲಗುವ ಜಾಗದಲ್ಲಿ ಹಸಿರು, ಕೆಂಪು, ನೇರಳೆ ಬಣ್ಣದ ಜರಿ ಸೀರೆಯ ಚೂರುಗಳು. ವ್ಯಾಪಾರಿಯ ಸರಕು ಹತ್ತು ವರ್ಷ ಅದೇ ಗಾಡಿಯಲ್ಲಿ ಸಂತೆಯಿಂದ ಸಂತೆಗೆ ತಿರುಗಿತ್ತಲ್ಲ, ಇಲಿ ತನಗೆ ಬೇಕಾದ್ದನ್ನು ಆರಿಸಿಕೊಂಡಿತ್ತು.

ಅತ್ತೆ ಕಟ್ಟೆಯ ಮೇಲೆ ಕೂತು ಗೂಡನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಮಗನ ಕಡೆ ತಿರುಗಿ, "ಇಲಿ ಜರಿ ಸೀರಿ ಮ್ಯಾಲ ಮಲಗ್ಯದ. ನನಗ ದೀಪಾವಳಿಗಿ ಕಾಟನ್ ತಂದೀಯಲ್ಲೋ" ಎಂದರು.

ಎಲ್ಲ ಜೋಡಿಸಿದ ಮೇಲೆ ನೆಲದಲ್ಲಿ ಒಂದು ಸ್ಕ್ರೂ ಉಳಿಯಿತು. ಎಲ್ಲಿಯದೆಂದು ಗೊತ್ತಾಗಲಿಲ್ಲ. ಅತ್ತೆ ಅದನ್ನೆತ್ತಿ ಸಾಸಿವೆಯ ಖಾಲಿ ಡಬ್ಬಿಗೆ ಹಾಕಿದರು. ಗಾಡಿ ಹತ್ತಿ ಒಂದು ಸುತ್ತು ಹೋಗಿ ಬರೋಣ ಎಂದೆ. ಅವರು ಡಬ್ಬಿ ಅಲ್ಲಾಡಿಸಿ ಸದ್ದು ಮಾಡಿ ತೋರಿಸಿದರು.

"ನೀ ಬಿಚ್ಚಿದ್ದೆಲ್ಲ ತಿರುಗಿ ಒಳಗ ಹೋದ ದಿವ್ಸ ಹತ್ತತೀನವಾ. ಒಂದೂ ಉಳಿಬಾರದು ನೋಡು."

೨. ಜೇನಿನಂಥ ಎಣ್ಣೆ

ಮುಂದಿನ ಭಾನುವಾರ ಇಂಜಿನ್ ಆಯಿಲ್ ಬದಲಿಸುವ ಕಾರ್ಯಕ್ರಮ. ಗಾಡಿಯ ಕೆಳಗೆ ತೂರಿ, ಅತ್ತೆ ಕಾಣದಂತೆ ತಂದ ಬೋಗುಣಿ ಇಟ್ಟು, ಕೆಳಗಿನ ಬೋಲ್ಟು ಬಿಚ್ಚಿದೆ. ಕಾಡಿಗೆಯಂಥ ಎಣ್ಣೆ ಇಳಿಯತೊಡಗಿತು.

ನಮ್ಮ ಓಣಿಯಲ್ಲಿ ಸುಟ್ಟ ಆಯಿಲ್ಲಿಗೆ ಇಷ್ಟು ಬೇಡಿಕೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಬ್ಬರು ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆ ಎಂದು ಬಾಟಲಿ ತಂದರು. ಇನ್ನೊಬ್ಬರು ಎತ್ತಿನ ಬಂಡಿಯ ಅಚ್ಚಿಗೆ ಬೇಕು, ಊರಿಗೆ ಕಳಿಸುತ್ತೇನೆ ಎಂದರು. ಮತ್ತೊಬ್ಬರಿಗೆ ಯಾತಕ್ಕೆ ಬೇಕೆಂದು ಅವರಿಗೇ ಗೊತ್ತಿರಲಿಲ್ಲ, ಎಲ್ಲರೂ ಒಯ್ಯುತ್ತಿದ್ದಾರೆಂದು ಬಂದಿದ್ದರು. ಪಾಠ ಹೇಳಿ ಅಭ್ಯಾಸ, ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಸಮನಾಗಿ ಹಂಚಿದೆ. ಕೈ ಒರೆಸಿಕೊಂಡು ಮೇಲಿನ ಮುಚ್ಚಳ ತೆಗೆದು ಹೊಸ ಆಯಿಲ್ ಸುರಿದೆ.

ಸಾಲಿನ ಕೊನೆಗೆ ಪಕ್ಕದ ಮನೆಯ ಖಾಲಾ, ಅಂದರೆ ಓಣಿಗೆಲ್ಲ ಚಿಕ್ಕಮ್ಮ, ಇದ್ದರು. ಬಟ್ಟೆ ಹೊಲಿಯುವವರು, ಮಾತು ಕಡಿಮೆ. ಗಾಡಿಯ ಕೆಳಗೆ ಬಗ್ಗಿ ತಮ್ಮ ಬಾಟಲಿಯನ್ನು ತಾವೇ ತುಂಬಿಸಿಕೊಂಡರು. ಮೇಲೆದ್ದು ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

"ಟೀಚರಮ್ಮಾ, ಅವರಿಗೆಲ್ಲ ಕರೀದು ಕೊಟ್ಟು ನನಗ ಜೇನಿನಂಥಾದು ಇಟ್ಟೀರಿ. ಅಲ್ಲಾ ನಿಮ್ಮನ್ನ ಚಲೋ ಇಡ್ಲಿ. ಇದು ನನ್ನ ಮಷೀನಿಗೇ ನಡೀತದ."

ಆಗ ನನ್ನ ಇನ್ನೊಂದು ಕೈ ನೋಡಿಕೊಂಡೆ. ಕೆಳಗಿನ ಬೋಲ್ಟು ಇನ್ನೂ ಅಂಗೈಯಲ್ಲೇ ಇತ್ತು, ಸುರಿದ ಹೊಸ ಆಯಿಲ್ ಆ ತೂತಿನಿಂದ ಹಾಗೇ ಕೆಳಗೆ ಇಳಿದಿತ್ತು. ಖಾಲಾ ಅಷ್ಟು ಬಾಯಿ ತುಂಬ ಹರಸಿದ ಮೇಲೆ ಬಾಟಲಿ ವಾಪಸ್ ಕೇಳಲು ಮನಸ್ಸಾಗಲಿಲ್ಲ. ಅಂದು ಡಬ್ಬಿಗೆ ಒಂದು ವಾಷರ್ ಸೇರಿತು. ಬೋಗುಣಿಯ ವಿಷಯಕ್ಕೆ ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

೩. ಮಲ್ಲಟದ ಹಾರ್ನು

ಅತ್ತೆಯ ತವರು ಮಲ್ಲಟ. ಅವರ ತಮ್ಮ ಒಂದು ಚೀಲ ಜೋಳ ಎತ್ತಿಟ್ಟಿದ್ದೇನೆ ಎಂದು ಫೋನು ಮಾಡಿದ್ದರು, ತರಲು ಒಬ್ಬಳೇ ಹೋದೆ. ದಾರಿಯಲ್ಲಿ ಹಾರ್ನು ಕೆಟ್ಟಿತು. ಕುರಿಮಂದೆಗಳು ಸಿಗುವ ರಸ್ತೆ ಅದು, ಹಾರ್ನಿಲ್ಲದೆ ವಾಪಸ್ ಬರುವಂತಿಲ್ಲ. ಊರ ಮುಂದಿನ ಬೇವಿನ ಮರದ ನೆರಳಲ್ಲಿ ಬಾನೆಟ್ ಎತ್ತಿ, ವೈರು ಕೆರೆದು ಜೋಡಿಸಿದೆ. ಸರಿಯಾಯಿತೋ ಇಲ್ಲವೋ ನೋಡಲು ಮೂರು ಸಲ ಉದ್ದಕ್ಕೆ ಒತ್ತಿದೆ.

ಐದು ನಿಮಿಷದಲ್ಲಿ ಗಾಡಿಯ ಸುತ್ತ ಹೆಂಗಸರು ಸೇರಿದರು. ಹತ್ತು ವರ್ಷ ಆ ವ್ಯಾಪಾರಿ ಅದೇ ಮರದ ಕೆಳಗೆ ನಿಲ್ಲಿಸಿ, ಹಾಗೆಯೇ ಮೂರು ಸಲ ಹಾರ್ನು ಹೊಡೆದು ಸೀರೆ ಮಾರುತ್ತಿದ್ದರಂತೆ. ಗಾಡಿ ಮಾರಿದ ವಿಷಯ ಊರಿಗೆ ತಿಳಿದಿರಲಿಲ್ಲ. ನಾನು ಶಾಲೆಯ ಟೀಚರ್ ಎಂದು ಎಷ್ಟು ಹೇಳಿದರೂ ಅವರು ಡಿಕ್ಕಿ ತೆಗೆ ಎಂದೇ ಹಟ ಹಿಡಿದರು. ತೆಗೆದೆ. ಸ್ಟೆಪ್ನಿ ಮತ್ತು ಜ್ಯಾಕ್ ನೋಡಿ ಅವರಿಗಾದ ಬೇಸರ ನನಗೇ ಸಂಕಟ ತಂದಿತು. ಮಗಳ ಸೀಮಂತಕ್ಕೆ ಹಸಿರು ಸೀರೆಗಾಗಿ ಕಾಯುತ್ತಿದ್ದೆ ಎಂದು ಒಬ್ಬಾಕೆ ಹೇಳಿದಳು. ಇನ್ನೊಬ್ಬಾಕೆ ಬಣ್ಣ ಬಿಟ್ಟ ಒಂದು ಸೀರೆಯನ್ನು ತಂದು ನನ್ನ ಕೈಗೆ ತುರುಕಿ, ಬದಲಿ ಕೊಡದಿದ್ದರೆ ನಿನ್ನನ್ನು ಬಿಡುವುದಿಲ್ಲ ಎಂದಳು.

ಮರಳುವಾಗ ಮಾನ್ವಿಯಲ್ಲಿ ನಿಲ್ಲಿಸಿ ವ್ಯಾಪಾರಿಗೆ ಬಣ್ಣ ಬಿಟ್ಟ ಸೀರೆ ಕೊಟ್ಟೆ, ಹಸಿರು ಸೀರೆಯ ಸುದ್ದಿಯನ್ನೂ ಮುಟ್ಟಿಸಿದೆ. ಅವರು ಚಹಾ ತರಿಸಿ, ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ಕೇಳಿದರು.

"ಮೇಡಂ, ಹೆಂಗೂ ಹೋಗಿ ಬರ್ತೀರಿ. ಹತ್ತು ಸೀರಿ ಹಿಂದ ಇಟ್ಟುಬಿಡ್ಲೇನ್ರಿ?"

೪. ಒಂದೂ ಉಳಿಯದ ದಿನ

ಅಷ್ಟರಲ್ಲಿ ಡಬ್ಬಿಗೆ ಹಾರ್ನಿನ ಕ್ಲಿಪ್ಪೂ ಬಿದ್ದಿತ್ತು. ಇಂಜಿನ್ನಿನ ಕೆಳಗಿನ ತಗಡು ಗಡಗಡ ಎನ್ನುತ್ತಿತ್ತು, ಅದೊಂದನ್ನು ಸರಿ ಮಾಡಿದರೆ ಗಾಡಿ ಮಟ್ಟಸ. ಒಂದು ಮಂಗಳವಾರ ರಜೆ ಹಾಕಿ, ಬೆಳಿಗ್ಗೆ ಬೇಗ ಎದ್ದು, ಹಳೆಯ ಚಾದರದ ಮೇಲೆ ಬೋಲ್ಟುಗಳನ್ನು ಸಾಲಾಗಿಟ್ಟು ಕೆಲಸ ಶುರು ಮಾಡಿದೆ. ಅತ್ತೆ ಕಟ್ಟೆಯ ಮೇಲೆ ಕೂತು ನನ್ನ ಕೈಯಿಂದ ಕಣ್ಣು ಕೀಳಲಿಲ್ಲ. ಮಡಿ ಸೀರೆ ಉಟ್ಟು, ಕಾಯಿ ಕರ್ಪೂರದ ಚೀಲ ಪಕ್ಕದಲ್ಲೇ ಇಟ್ಟುಕೊಂಡಿದ್ದರು.  ಪರೀಕ್ಷೆಗೆ ಕೂತ ಮಕ್ಕಳ ಕಷ್ಟ ಏನೆಂದು ಅಂದು ಅರ್ಥವಾಯಿತು.

ಕೆಲಸ ಮುಗಿಯಿತು. ಕೈ ತೊಳೆಯಲು ಒಳಗೆ ಹೋಗಿ ಬಂದು ನೋಡುತ್ತೇನೆ, ಚಾದರ ಖಾಲಿ. ನಂಬಿಕೆಯಾಗದೆ ಎತ್ತಿ ಝಾಡಿಸಿದೆ. ಒಂದೂ ಇಲ್ಲ.

"ಉಳಿದಿಲ್ಲ ನೋಡ್ರಿ ಅತ್ತಿ."

"ಹೌದವಾ, ಉಳಿದಿಲ್ಲ. ನಡಿ ಹೋಗಮು" ಎಂದರು ಅತ್ತೆ.

ಗಾಡಿ ಎತ್ತರ, ಅತ್ತೆಯನ್ನು ಸ್ಟೂಲಿನ ಮೇಲೆ ಕಾಲಿಡಿಸಿ ಹತ್ತಿಸಿದೆವು. ನನ್ನ ಗಂಡ ಆ ಸ್ಟೂಲನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ನೀರಮಾನ್ವಿ ಮುಟ್ಟುವವರೆಗೆ ಅತ್ತೆ ಬಲಗೈ ಮುಷ್ಟಿ ಬಿಗಿ ಹಿಡಿದು ಕೂತಿದ್ದರು. ಭಕ್ತಿ ಇರಬೇಕೆಂದುಕೊಂಡೆ. ಗುಡಿಯಲ್ಲಿ ದೇವಿಯ ಮುಂದೆ ನಿಂತು ಅವರು ಕಣ್ಣೀರು ಹಾಕಿದಾಗ ನನಗೂ ಅಳು ಬಂತು. ಇಷ್ಟು ದಿನ ಮೈಗೆ ಬಳಿದುಕೊಂಡ ಮಸಿಗೆಲ್ಲ ಸಾರ್ಥಕವಾಯಿತು ಅನ್ನಿಸಿತು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತೆ ಎಲೆ ಅಡಿಕೆ ಹಾಕಿಕೊಳ್ಳಲು ಸಂಚಿ ಬಿಚ್ಚಿದರು. ಅಡಿಕೆಯ ಜೊತೆ ಠಣ್ಣನೆ ಒಂದು ಬೋಲ್ಟು ಕೆಳಗೆ ಬಿತ್ತು.

ನಾನು ಬೋಲ್ಟು ನೋಡಿದೆ, ಅವರ ಮುಖ ನೋಡಿದೆ. ಹೋಗಿ ಗಾಡಿಯ ಕೆಳಗೆ ಬಗ್ಗಿ ತಗಡಿನ ತೂತುಗಳನ್ನು ಎಣಿಸಿದೆ. ಎಂಟು ತೂತು, ಏಳು ಬೋಲ್ಟು. ಪಾನಾ ರಾಯಚೂರಿನಲ್ಲಿತ್ತು.

"ನೀ ಕೈ ತೊಳಿಯಾಕ ಹೋದಾಗ ಚಾದರದ ಮ್ಯಾಲ ಕಂಡಿತ್ತು" ಎಂದರು ಅತ್ತೆ, ಎಲೆಗೆ ಸುಣ್ಣ ಹಚ್ಚುತ್ತ. "ತೋರಿಸಿದ್ರ ನೀ ಮತ್ತ ಎಲ್ಲಾ ಬಿಚ್ಚಾಕಿ. ಈ ಮಂಗಳವಾರನೂ ಹೋಗ್ತಿತ್ತು. ನಿನ್ನ ಮಾರಿ ನೋಡಿದ್ರ ಹೇಳಾಕ ಬಾಯಿನೂ ಬರಲಿಲ್ಲ."

ಅವರ ಪಕ್ಕದಲ್ಲೇ ಕೂತುಬಿಟ್ಟೆ. ಮರಳಿ ಹೋಗುವಾಗ ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದೆ. ಅವರು ಬೋಲ್ಟನ್ನು ಸೆರಗಿನಿಂದ ಒರೆಸಿ, ಸ್ಟೂಲು ಹಿಡಿದು ನಿಂತಿದ್ದ ಮಗನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇಲ್ಲಿತನ ನಿನ್ನ ಗಾಡಿ ನಾ ಹಿಡಕೊಂಡು ಬಂದೀನಿ. ಮನಿಗಿ ಹೋಗೂತನ ಇಂವ ಹಿಡಕೊಳ್ಳಲಿ, ನನಗ ನಿದ್ದಿ ಬರಾಕತ್ತದ."