ಜಲನಗರದ ಧೂಳು

ವಿಜಯಪುರದ ಜಲನಗರದ ಮನೆಯೊಂದರಲ್ಲಿ ಕಳೆದ ವಾರ ಹೊಸ ಗ್ರಾಫಿಕ್ಸ್ ಕಾರ್ಡನ್ನು ಗುರುತಿಸಲು ಕಂಪ್ಯೂಟರ್ ನಿರಾಕರಿಸಿತು. ಪ್ರಾಣಹಾನಿ ಆಗಿಲ್ಲ. ಮನೆ ನನ್ನದು. ಮದುವೆ ವಿಡಿಯೊ ಮಾಡುವವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಈ ಸಲ ಮಾತ್ರ ಬಬಲೇಶ್ವರದ ಗಿರಾಕಿಯೊಬ್ಬರು ಕಾಯುತ್ತಿದ್ದರು. ಅವರ ಹಿರಿಮಗಳ ಮದುವೆಯ ವಿಡಿಯೊ ಭಾನುವಾರ ಬೀಗರ ಊಟದ ಹೊತ್ತಿಗೆ ಮುಟ್ಟಬೇಕು. ಮುಟ್ಟಿದರೆ ಕಿರಿಮಗಳ ಮದುವೆಯ ಕೆಲಸವೂ ನನಗೇ. ಹಳೆಯ ಕಾರ್ಡು ಸುಟ್ಟುಹೋಗಿತ್ತು.

ಅಂಗಡಿಯಲ್ಲಿ ಆರೋಗ್ಯ

ಕಾರ್ಡನ್ನು ಕೊಂಡ ಅಂಗಡಿಗೇ ಒಯ್ದೆ. ಅಂಗಡಿಯ ಚಾಚಾ ಅದರ ಒಳಗೆ ಸಿಕ್ಕಿಸುವ ಹೊಳೆಯುವ ತುದಿಯನ್ನು ಒರೆಸಿ ತಮ್ಮ ಕಂಪ್ಯೂಟರಿಗೆ ಹಾಕಿದರು. ಚಿತ್ರ ಬಂತು.

"ಕಾರ್ಡ ಗಟ್ಟಿ ಐತ್ರಿ ಸರ. ಧೂಳ ಕುಂತಿತ್ತು. ಈ ತುದಿಗೆ ಕೈ ಹಚ್ಚಬ್ಯಾಡ್ರಿ."

ನಾನು ಆ ತುದಿಯನ್ನು ನೋಡುವ ಗೋಜಿಗೂ ಹೋಗಲಿಲ್ಲ. ನಮ್ಮಲ್ಲಿ ಹೊರಗಿನಿಂದ ಬಂದ ಯಾವ ಸಾಮಾನೂ ದೇವರ ಜಗಲಿಯ ಮೇಲೆ ಕೂತೆದ್ದ ಮೇಲೆಯೇ ಕೆಲಸಕ್ಕೆ ಹತ್ತುವುದು. ಅವ್ವ ಪೂಜೆ ಮುಗಿಸಿ ಕಾರ್ಡು ತಂದುಕೊಟ್ಟಳು. ಹಾಕಿದೆ. ಕಂಪ್ಯೂಟರ್ ಪರಿಚಯವೇ ಇಲ್ಲದವರಂತೆ ಕೂತಿತು.

"ಅಂಗಡ್ಯಾಗ ನಡದದ್ದು ಮನ್ಯಾಗ ಯಾಕ ನಡ್ಯಾಂಗಿಲ್ಲ?" ಅಂದೆ.

"ನೀವೂ ಹಂಗ ಅದೀರಲ್ಲ," ಅಂದಳು ಹೆಂಡತಿ.

ಬಂದೋಬಸ್ತು

ಮತ್ತೆ ಒಯ್ದೆ. ಚಾಚಾ ಒರೆಸಿದರು, ಚಿತ್ರ ಬಂತು. "ನಿಮ್ಮ ಜಲನಗರದಾಗ ಧೂಳ ಭಾಳರಿ," ಅಂದರು.

ಮನೆಗೆ ಬಂದವನೇ ಕಿಟಕಿ ಬಾಗಿಲು ಹಾಕಿಸಿ, ಫ್ಯಾನು ನಿಲ್ಲಿಸಿ, ನೆಲ ಒರೆಸಿದೆ. ಪಕ್ಕದ ಮನೆಯಾಕೆ ಬಾಗಿಲು ಬಡಿದರು.

"ಊರಿಗೆ ಹೊಂಟೀರೇನ್ರಿ?"

"ಇಲ್ರಿ, ಕಂಪ್ಯೂಟರಿಗೆ ಕಾರ್ಡ ಹಾಕಾಕತ್ತೇನಿ."

"ಯಪ್ಪಾ, ನಮ್ಮ ಸೊಸಿ ಬಾಣಂತನಕ್ಕೂ ಇಷ್ಟು ಬಂದೋಬಸ್ತ ಮಾಡಿದ್ದಿಲ್ಲ ನಾವು."

ಅವ್ವ ಜಗಲಿಯಿಂದ ಕಾರ್ಡು ತಂದಳು. ಹಾಕಿದೆ. ನಡೆಯಲಿಲ್ಲ.

ಗುರುತು

ಬಬಲೇಶ್ವರದಿಂದ ಫೋನು.

"ತಮ್ಮಾ, ಬೀಗರು ತಿಕೋಟಾದಿಂದ ಬರಾವ್ರು. ದೊಡ್ಡ ಟಿ.ವಿ. ತಂದಿಟ್ಟೇನಿ. ವಿಡಿಯೊ ಎಲ್ಲೈತಿ?"

"ಕಂಪ್ಯೂಟರ್ ಕಾರ್ಡಿನ ಗುರ್ತ ಹಿಡೀವಲ್ದರಿ."

"ಮದಿವ್ಯಾಗ ಬೀಗರು ನಮ್ಮ ಗುರ್ತಾನೂ ಹಿಡೀಲಿಲ್ಲ. ಆದ್ರೂ ಮದಿವಿ ಆತಿಲ್ಲೋ?"

ಹಣೆ

ಮೂರನೆಯ ಸಲ ಕಾರ್ಡನ್ನು ಅಂಗಡಿಯಲ್ಲೇ ಬಿಟ್ಟು ಬಂದೆ. ಭಾನುವಾರ ಚಾಚಾ ತಾವೇ ಹಾಕಿ ನೋಡೋಣವೆಂದು ಅದನ್ನು ಹಿಡಿದು ಮನೆಗೆ ಬಂದರು. ಅವ್ವ ಅವರ ಕೈಯಿಂದಲೇ ಇಸಿದುಕೊಂಡು ಜಗಲಿಗೆ ಒಯ್ದಳು. ಚಹಾಕ್ಕೆ ಕಾಯುತ್ತಿದ್ದ ಚಾಚಾ ಕೂತಲ್ಲಿಂದಲೇ ನೋಡಿದರು: ಅವ್ವ ಬೆರಳು ಹಸಿ ಮಾಡಿಕೊಂಡು, ಹೊಳೆಯುವ ತುದಿಯ ಉದ್ದಕ್ಕೂ ವಿಭೂತಿ ಎಳೆದಳು.

"ಅವ್ವಾರ, ಅಲ್ಲೇ ಯಾಕ ಹಚ್ಚಿದ್ರಿ?"

"ಉಳದದ್ದೆಲ್ಲಾ ಕರೀದೈತಿ. ಬಂಗಾರದಂಗ ಹೊಳ್ಯೂದು ಅದೊಂದ. ಹಣಿ ಅದ ಇರಬೇಕಂತ ಹಚ್ಚೇನಿ."

ಚಾಚಾ ನನ್ನ ಕಡೆ ತಿರುಗಿದರು.

"ಸರ, ನಿಮ್ಮ ಜಲನಗರದ ಧೂಳ ಸಿಕ್ಕತ್ರಿ."

ವಿಭೂತಿ ಒರೆಸಿ ಕಾರ್ಡು ಹಾಕಿದರು. ಕಂಪ್ಯೂಟರ್ ತಕ್ಷಣ ಗುರುತು ಹಿಡಿಯಿತು. ಅವ್ವ ಪರದೆಗೆ ಕೈಮುಗಿದಳು.

"ನೋಡು, ಬಿಡದಂಗ ಹಚ್ಚಿದ್ದಕ್ಕ ನಡೀತು."

ವಿಡಿಯೊ ಅಂದೇ ಸಂಜೆ ಬಬಲೇಶ್ವರ ಮುಟ್ಟಿತು. ಬೀಗರು ಊಟ ಮುಗಿಸಿ ತಿಕೋಟಾಕ್ಕೆ ಹೋಗಿದ್ದರು. ಕಿರಿಮಗಳ ಮದುವೆಗೆ ಗಿರಾಕಿ ಬೀಗರ ಊರಿನ ವಿಡಿಯೊದವರನ್ನೇ ಗೊತ್ತುಮಾಡಿದ್ದಾರೆ. ಕಾರ್ಡು ಈಗ ಚೆನ್ನಾಗಿ ಕೆಲಸ ಮಾಡುತ್ತಿದೆ.