ಅತ್ತೆಯ ಮೊಪೆಡ್ಡಿನ ಹಿಂದೆ ಒಂದು ಭಾನುವಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಈ ಕಥೆಯಲ್ಲಿ ಪೆದ್ದ ಯಾರು ಅಂತ ನೀವು ಹುಡುಕಬೇಕಾಗಿಲ್ಲ. ಸ್ವಂತ ಸೋದರತ್ತೆಯ ಮೇಲೆ ಪತ್ತೇದಾರಿಕೆ ಮಾಡಲು ಗೆಳೆಯನ ಮೋಟಾರ್ ಸೈಕಲ್ಲು, ಅವನದೇ ಕಪ್ಪು ಕನ್ನಡಕ, ಅಪ್ಪನ ಮಂಕಿ ಕ್ಯಾಪು, ಇಷ್ಟನ್ನೂ ಏರಿಸಿಕೊಂಡು ಹೊರಟ ಮಹಾಶಯ ನಾನೇ. ಸುಡುಬಿಸಿಲಿನಲ್ಲಿ ಮಂಕಿ ಕ್ಯಾಪು ಹಾಕಿಕೊಂಡವನನ್ನು ಯಾರೂ ಗಮನಿಸುವುದಿಲ್ಲ ಎಂದು ನಂಬಿದ್ದೆ!

ಆದರೆ ಅತ್ತೆಯೂ ಸಾಮಾನ್ಯಳಲ್ಲ. ಅರಸೀಕೆರೆಯಲ್ಲಿ ಗುಟ್ಟು ಇಟ್ಟುಕೊಂಡು ಬದುಕಿದ ಏಕೈಕ ಜೀವ ಅವಳು. ನಮ್ಮೂರಲ್ಲಿ ನೀವು ಸೀನಿದರೆ ರೈಲ್ವೆ ಸ್ಟೇಷನ್ನಿನ ಆಚೆಯವರು ಕಷಾಯ ಮಾಡಿ ಕಳಿಸುತ್ತಾರೆ. ಅಂಥ ಊರಲ್ಲಿ ನಮ್ಮತ್ತೆ, ಮದುವೆಯಾಗದವಳು, ಕಚೇರಿಯಲ್ಲಿ ಗುಮಾಸ್ತೆ, ಐವತ್ತು ದಾಟಿದ ಮೇಲೆ ಮೊಪೆಡ್ಡು ಕಲಿತವಳು, ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದಳು. ಪ್ರತಿ ವರ್ಷ. ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಎಲ್ಲಿಗೆ? ಪರಮಾತ್ಮನಿಗೇ ಗೊತ್ತು.

ಕೇಳಬಹುದಿತ್ತಲ್ಲ ಅಂತೀರಾ? ಅಲ್ಲೇ ಇರೋದು ತಮಾಷೆ. ಹೊರಟು ನಿಂತವರನ್ನು ‘ಎಲ್ಲಿಗೆ’ ಅಂತ ಕೇಳಬಾರದು, ಹೋದ ಕೆಲಸ ಕೆಡುತ್ತದೆ. ಇದು ನಮ್ಮಜ್ಜಿಯ ಶಾಸನ. ಹೆಚ್ಚೆಂದರೆ ‘ದೂರವಾ?’ ಅನ್ನಬಹುದು. ‘ಹೂಂ, ಸ್ವಲ್ಪ ದೂರ’ ಎಂದು ಅತ್ತೆ ಪೆಡಲ್ ತುಳಿದು ಮಾಯವಾಗುತ್ತಿದ್ದಳು. ಬಂದ ಮೇಲೆ ಕೇಳಿದರೆ, ‘ಹೋಗುವಾಗ ಕೇಳಲಿಲ್ಲ, ಈಗ್ಯಾಕೆ?’ ಎಂದು ಕುಕ್ಕರ್ ಇಡುತ್ತಿದ್ದಳು. ಮೊಬೈಲು ಇನ್ನೂ ನಮ್ಮ ಬೀದಿಗೆ ಬಂದಿರಲಿಲ್ಲ. ಮನುಷ್ಯರು ಒಂದು ದಿನದ ಮಟ್ಟಿಗೆ ಕಳೆದುಹೋಗಲು ಇನ್ನೂ ಅವಕಾಶವಿದ್ದ ಕಾಲ.

ಮನೆಯಲ್ಲಿ ಊಹೆಗಳಿಗೇನು ಬರ? ಯಾರೋ ಜ್ಯೋತಿಷಿಯ ಹತ್ತಿರ ಹೋಗುತ್ತಾಳೆ ಅಂತ ಅಮ್ಮ. ಯಾವನೋ ಟೋಪಿ ಹಾಕಿ ಸೈಟು ಮಾರುತ್ತಿದ್ದಾನೆ ಅಂತ ಅಪ್ಪ. ನಾನು ‘ಲವ್ವು’ ಅಂದೆ, ಅಮ್ಮ ಸೌಟು ತೋರಿಸಿದಳು. ಆ ವರ್ಷ ಅಪ್ಪನ ತಾಳ್ಮೆ ಮುಗಿಯಿತು. “ಹಿಂದೆ ಹೋಗಿ ನೋಡ್ಕೊಂಡು ಬಾರೋ. ಹೇಳೋಕಾಗದ ವ್ಯವಹಾರ ಏನಾದ್ರೂ ಇದ್ರೆ ಆ ಮೊಪೆಡ್ ಮಾರಿಹಾಕ್ತೀನಿ.” ಅಕ್ಕನ ಗಾಡಿಯನ್ನು ತಮ್ಮ ಹೇಗೆ ಮಾರುತ್ತಾನೆ? ಕೊಂಡದ್ದು ಅತ್ತೆಯ ಸಂಬಳದಲ್ಲಿ, ಆದರೆ ‘ಹೆಂಗಸಿನ ಹೆಸರಲ್ಲಿ ಗಾಡಿಯಾ?’ ಎಂದು ಕಾಗದಪತ್ರವೆಲ್ಲ ಅಪ್ಪನ ಹೆಸರಿಗೆ ಮಾಡಿಸಿದ್ದರು. ಹೀಗೆ ಅತ್ತೆಯ ಎರಡು ಚಕ್ರಗಳ ಭವಿಷ್ಯ ನನ್ನ ನಾಲಿಗೆಯ ಮೇಲೆ ಕೂತಿತು.

ಮೋಟಾರ್ ಸೈಕಲ್ಲಿನಲ್ಲಿ ಮೊಪೆಡ್ಡನ್ನು ಯಾವತ್ತಾದರೂ ಹಿಂಬಾಲಿಸಿದ್ದೀರಾ? ದಯವಿಟ್ಟು ಬೇಡಿ! ಎರಡನೇ ಗೇರಿಗೆ ಹಾಕಿದರೆ ಅತ್ತೆಯ ಪಕ್ಕಕ್ಕೇ ಬಂದುಬಿಡುತ್ತೇನೆ, ಒಂದನೆಯದರಲ್ಲಿ ಇಂಜಿನ್ನು ಗೋಳಾಡುತ್ತದೆ. ತೆಂಗಿನಕಾಯಿ ಹೇರಿಕೊಂಡು ಹೊರಟಿದ್ದ ಎತ್ತಿನ ಗಾಡಿಯವನು ಕನಿಕರದಿಂದ ಕೇಳಿದ, “ಯಾಕಣ್ಣ, ಗಾಡಿ ಕೆಟ್ಟೈತಾ?”

“ಇಲ್ಲ, ಡ್ಯೂಟಿ ಮೇಲಿದೀನಿ” ಅಂದೆ.

ಜಾವಗಲ್ಲಿನಲ್ಲಿ ಅತ್ತೆ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು. ನಾನು ಹುಣಸೆಮರದ ಮರೆಗೆ ನಿಂತೆ. ಅಜ್ಜಿಯ ಶಾಸನ ಜಾವಗಲ್ಲಿನವರೆಗೆ ನಡೆಯುವುದಿಲ್ಲವಾದ್ದರಿಂದ ಅಂಗಡಿಯವನು ಸರಾಗವಾಗಿ ವಿಚಾರಣೆ ಶುರುಮಾಡಿದ.

“ಒಬ್ರೇನಾ ಅಮ್ಮ? ಯಾರ ಮನೆಗೆ?”

“ಯಾರ ಮನೆಗೂ ಇಲ್ಲಪ್ಪ.”

“ದೇವಸ್ಥಾನಕ್ಕಾ?”

“ಅಲ್ಲ.”

“ಮತ್ತೆ, ಆಸ್ಪತ್ರೆಗಾ?”

“ಚೆನ್ನಾಗೇ ಇದೀನಿ.”

“ಹಂಗಾರೆ ಯಾಕವ್ವ ಹೊಂಟ್ರಿ?”

“ಸುಮ್ನೆ” ಅಂದಳು ಅತ್ತೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹೊಗೆಯಾಡುವ ಟೀಯನ್ನು ಊದಿ ಊದಿ ಕುಡಿದಳು. ಮನೆಯಲ್ಲಿ ಅವಳು ಬಿಸಿ ಟೀ ಕುಡಿದದ್ದನ್ನು ನಾನು ನೋಡಿಯೇ ಇರಲಿಲ್ಲ. ಎಲ್ಲರಿಗೂ ಕೊಟ್ಟು, ನನ್ನ ಸಾಕ್ಸು ಹುಡುಕಿಕೊಟ್ಟು ಬರುವಷ್ಟರಲ್ಲಿ ಅವಳದ್ದು ಕೆನೆ ಕಟ್ಟಿರುತ್ತಿತ್ತು.

ಅವಳು ಹೊರಟ ಮೇಲೆ ನಾನು ಅಂಗಡಿಗೆ ಹೋದೆ. “ಪಾಪ, ಆಯಮ್ಮಂಗೆ ತಲೆ ಸರಿ ಇಲ್ಲ ಅನ್ಸುತ್ತೆ” ಅಂದ ಅಂಗಡಿಯವನು.

“ಮನೇಲೂ ಹಂಗೇ ಅಣ್ಣ” ಅಂದುಬಿಟ್ಟೆ! ಎಂಥ ಪತ್ತೇದಾರ ನೋಡಿ.

ಹಳೇಬೀಡು ಬಂತು. ಲೋಕದ ಮೂಲೆಮೂಲೆಯಿಂದ ಜನ ಕ್ಯಾಮರಾ ನೇತುಹಾಕಿಕೊಂಡು ಬರುವ ಊರನ್ನು ಅತ್ತೆ ಕತ್ತು ತಿರುಗಿಸದೆ ದಾಟಿದಳು. ಬೇಲೂರಿನಲ್ಲಿ ಮಾತ್ರ ಗೋಪುರ ಕಂಡಾಗ ಒಂದು ಕೈ ಬಿಟ್ಟು ಎದೆಗೆ ಮುಟ್ಟಿಸಿಕೊಂಡಳು. ಮೊಪೆಡ್ಡು ಸೊಟ್ಟಗೆ ಹೂವಿನವಳ ಬುಟ್ಟಿಯ ಕಡೆ ನುಗ್ಗಿತು. “ದೇವ್ರಿಗೆ ಕೈ ಮುಗಿಯೋಳು ಇಳಿದು ಮುಗೀಬಾರ್ದಾ?” ಎಂದು ಹೂವಿನವಳು ಕೂಗಿದಳು. ಅತ್ತೆ ಆಗಲೇ ಚಿಕ್ಕಮಗಳೂರಿನ ರಸ್ತೆಯಲ್ಲಿದ್ದಳು.

ಚಿಕ್ಕಮಗಳೂರು ದಾಟಿ ಹಿರೇಕೊಳಲೆ ಕೆರೆಯ ದಾರಿ. ಏರು ಬಂದಲ್ಲೆಲ್ಲ ಅತ್ತೆ ಸೆರಗು ಸಿಕ್ಕಿಸಿಕೊಂಡು ಪೆಡಲ್ ತುಳಿದಳು, ಮೊಪೆಡ್ಡು ಕೆಮ್ಮುತ್ತಾ ಹತ್ತಿತು. ಹತ್ತದೇ ಹೋದದ್ದು ನನ್ನ ಗಾಡಿ! ಬೆಳಗ್ಗಿಂದ ಒಂದನೇ ಗೇರಿನಲ್ಲಿ ನರಳಿ ನರಳಿ ಪೆಟ್ರೋಲೆಲ್ಲ ಖಾಲಿ. ತಳ್ಳಿಕೊಂಡು, ಕ್ಯಾಪಿನೊಳಗೆ ಬೆವರು ಇಳಿಸಿಕೊಂಡು ಕೆರೆಯ ಏರಿ ಮುಟ್ಟಿದಾಗ ಅತ್ತೆ ನೀರಿನ ಕಡೆ ಮುಖಮಾಡಿ ಕೂತಿದ್ದಳು. ತಿರುಗಲೂ ಇಲ್ಲ.

“ಬಾರೋ. ಚಪಾತಿ ಆರಿಹೋಯ್ತು.”

“ಯಾವಾಗ ಗೊತ್ತಾಯ್ತು ಅತ್ತೆ?”

“ಮೋಟಾರ್ ಸೈಕಲ್ ಇರೋ ಗಂಡಸು ಯಾವನಾದ್ರೂ ಮೊಪೆಡ್ಡಿನ ಹಿಂದೆ ಬರ್ತಾನೇನೋ? ಬೇಲೂರು ರಸ್ತೇಲೇ ಗೊತ್ತಾಯ್ತು. ಆ ಟೋಪಿ ತೆಗಿ, ಸತ್ತೋಗ್ತೀಯ.”

ಎದುರಿಗೆ ಬೆಟ್ಟಗಳೆಲ್ಲ ಕೆರೆಯೊಳಗೆ ತಲೆಕೆಳಗಾಗಿ ನಿಂತಿದ್ದವು. ಗಾಳಿ ಬೀಸಿದರೆ ಬೆಟ್ಟ ಅಳ್ಳಾಡಿ ಮತ್ತೆ ಕೂಡಿಕೊಳ್ಳುತ್ತಿತ್ತು. ಜ್ಯೋತಿಷಿ ಇಲ್ಲ, ಸೈಟು ಇಲ್ಲ, ನನ್ನ ದುರದೃಷ್ಟಕ್ಕೆ ಲವ್ವೂ ಇಲ್ಲ. ಮೌನ ಅಂದರೆ ನನಗೆ ಮೈಯೆಲ್ಲ ತುರಿಕೆ, ಮಿಮಿಕ್ರಿ ಶುರುಮಾಡಿದೆ. ಅಪ್ಪ ಪೇಪರ್ ಓದುವುದು, ಅಜ್ಜಿ ಬೆಕ್ಕನ್ನು ಬೈಯುವುದು, ಬಸ್ ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವುದು. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, “ಈಗ ನನ್ನ ಮಾಡು” ಅಂದಳು.

ಅದೇನು ಕಷ್ಟ? “ಗ್ಯಾಸ್ ಆಫ್ ಮಾಡಿದ್ರಾ? ಹಿತ್ತಿಲ ಬಾಗಿಲು ಹಾಕಿದ್ರಾ? ಒದ್ದೆ ಟವೆಲ್ ಮಂಚದ ಮೇಲೆ ಹಾಕಿದೋರು ಯಾರು?”

ಅತ್ತೆ ಇದಕ್ಕೂ ನಕ್ಕಳು. ಆಮೇಲೆ ಕೇಳಿದಳು, “ಅಷ್ಟೇನೇನೋ?”

ನಾನು ತಡಕಾಡಿದೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಇದ್ದವಳ ಬಾಯಿಂದ ಇನ್ನೊಂದು ಮಾತು ನನಗೆ ನೆನಪಾಗಲಿಲ್ಲ. ಅವಳು ಬೇರೆ ಏನೂ ಆಡಿರಲಿಲ್ಲವೋ, ನಾವು ಕೇಳಿಸಿಕೊಂಡಿರಲಿಲ್ಲವೋ? ಬಾಯಿ ಮುಚ್ಚಿಕೊಂಡೆ. ನನ್ನ ಜೀವಮಾನದಲ್ಲೇ ಅದು ದಾಖಲೆ.

ಹೊರಡುವಾಗ ಅತ್ತೆ ಮೊಪೆಡ್ಡಿನಿಂದ ಬಾಟಲಿಗೆ ಪೆಟ್ರೋಲು ಇಳಿಸಿ ನನ್ನ ಗಾಡಿಗೆ ಹಾಕಿದಳು. “ಮನೇಲಿ ಏನು ಹೇಳ್ಲಿ?” ಅಂದೆ.

“ಕಂಡದ್ದು ಹೇಳು.”

ಸುಳ್ಳು ಹೇಳು ಅಂದಿದ್ದರೆ ಎಷ್ಟು ಸುಲಭವಿತ್ತು!

ಸಂಜೆ ನಡುಮನೆಯಲ್ಲಿ ಅಪ್ಪ ಮೊಪೆಡ್ಡಿನ ಕೀ ಇಸಿದುಕೊಂಡು ಕೂತರು.

“ಎಲ್ಲಿಗೋ ಹೋಗಿದ್ದು?”

“ಕೆರೆಗೆ.”

“ಯಾರನ್ನ ನೋಡೋಕೆ?”

“ಕೆರೆನ.”

“ಜೊತೇಲಿ ಯಾರಿದ್ರು?”

“ಬೆಟ್ಟ.”

“ತಮಾಷೆ ಬೇಡ ಕಣೋ.”

“ತಮಾಷೆ ಅಲ್ಲಪ್ಪ” ಅಂದೆ. ಯಾರ ದನಿಯನ್ನೂ ಕದಿಯದೆ ಆಡಿದ ಮಾತು, ನನಗೇ ಹೊಸದಾಗಿ ಕೇಳಿಸಿತು.

ಅಪ್ಪ ಅತ್ತೆಯ ಕಡೆ ತಿರುಗಿದರು. “ಅಲ್ಲಕ್ಕಾ, ಕೆರೆ ನೋಡೋಕೆ ಅಷ್ಟು ದೂರ, ಒಬ್ಬಳೇನಾ? ಜನ ಏನಂತಾರೆ? ಇವತ್ತಿಗೆ ಸಾಕು. ಅಷ್ಟು ಆಸೆ ಇದ್ರೆ ವ್ಯಾನ್ ಮಾಡ್ಕೊಂಡು ಎಲ್ಲಾರೂ ಹೋಗೋಣ. ನಾನೇ ತೋರಿಸ್ತೀನಿ.”

ಅತ್ತೆ ಅಪ್ಪನ ಕೈಯಲ್ಲಿದ್ದ ಕೀಯನ್ನೇ ನೋಡುತ್ತಾ ನಿಂತಿದ್ದಳು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತದೆ ಅಪ್ಪನಿಗೆ ಅಂದಳು:

“ನಿಮ್ಮಪ್ಪನೂ ನಂಗೆ ಬೇಲೂರು ತೋರಿಸಿದ್ರು ಕಣೋ. ಬಸ್ಸು ಹೊರಟೋಗುತ್ತೆ, ಬೇಗ ಬಾ, ಬೇಗ ಬಾ ಅಂತ ಮುಂದ್ಮುಂದೆ ಹೋದ್ರು. ಅಷ್ಟು ದೊಡ್ಡ ಗುಡೀಲಿ ನಾನು ನೋಡಿದ್ದು ಅವರ ಬೆನ್ನು ಒಂದೇ. ಕೊಡು ಅವಳ ಕೀನ.”