ಡಚ್ ಪದಕ್ಕೆ ಲಘು-ಗುರು ಹಾಕಿದ್ದು

ಹೈಸ್ಕೂಲಿನಲ್ಲಿ ಛಂದಸ್ಸಿಗೆ ಪೂರ್ತಿ ಅಂಕ ಪಡೆದವನು ನಾನು. ಆ ವಿದ್ಯೆ ಅಬುಧಾಬಿಯಲ್ಲಿ, ಅದೂ ಡಚ್ ಭಾಷೆಯ ಮೇಲೆ, ಪ್ರಯೋಗವಾಗಬೇಕೆಂದು ಹಣೆಯಲ್ಲಿ ಬರೆದಿತ್ತು!

ಅಲ್ಲಿನ ಮುಸಫ್ಫಾ ಬಡಾವಣೆಯ ನಮ್ಮ ವರ್ಕ್‌ಶಾಪಿನ ಸುರಕ್ಷತಾ ಅಧಿಕಾರಿ ಯಾನ್ ನಿವೃತ್ತರಾಗಿ ಹಾಲೆಂಡಿಗೆ ಹೊರಟಿದ್ದರು. ಕಂಪನಿಯಲ್ಲಿ ಡಚ್ ಬಲ್ಲವರು ಅವರೊಬ್ಬರೇ. ನಾನು ಕೆಲಸಕ್ಕೆ ಸೇರಿದ ವಾರವೇ, ಉರಿಬಿಸಿಲಿನಲ್ಲಿ ತಲೆ ತಿರುಗಿ ಬಿದ್ದಾಗ, ನನ್ನನ್ನು ಹೆಗಲ ಮೇಲೆ ಹೊತ್ತು ಕ್ಲಿನಿಕ್ಕಿಗೆ ಒಯ್ದವರು ಅವರು. ಎಚ್ಚರವಾಗುವವರೆಗೂ ಹೊರಗೆ ಕಾದಿದ್ದರೆಂದು ನರ್ಸ್ ಹೇಳಿದರು. ಅವರು ಮುಂದೆಂದೂ ಅದರ ಮಾತೆತ್ತಲಿಲ್ಲ. ನಾನೂ ಸಂಕೋಚದಿಂದ ಸುಮ್ಮನಿದ್ದೆ. ಆರು ವರ್ಷ ಹೇಳದೆ ಉಳಿದ ಕೃತಜ್ಞತೆ ಮನಸ್ಸನ್ನು ಚುಚ್ಚುತ್ತಿತ್ತು. ಬೀಳ್ಕೊಡುಗೆಯ ದಿನ ಅವರ ಭಾಷೆಯಲ್ಲೇ ನಾಲ್ಕು ಸಾಲು ಹೇಳಲು ನಿಶ್ಚಯಿಸಿದೆ.

ಬಿದ್ದದ್ದು, ಹೊತ್ತದ್ದು ಎಲ್ಲ ಬರೆದೆ; ಫೋನು ಡಚ್ಚಿಗೆ ಅನುವಾದಿಸಿ ಕೊಟ್ಟಿತು. ಅದರಲ್ಲಿ ಯಾನ್ ಅವರ ಹುದ್ದೆಯೂ ಇತ್ತು: ವೆರ್ಕ್‌ಪ್ಲಾಟ್ಸ್‌ವೈಲಿಖ್‌ಹೈಟ್ಸ್‌ಡೆಸ್ಕುಂಡಿಖೆ. ವರ್ಕ್‌ಶಾಪು, ಸುರಕ್ಷತೆ, ತಜ್ಞ ಮೂರೂ ಸೇರಿ ಇದು ಒಂದೇ ಪದ! ಪದಗಳು ಕೂಡಿದ ಕಡೆಯಲ್ಲೇ ಬಿಡಿಸಿ, ಮೊದಲ ತುಂಡಿಗೆ ಒತ್ತು ಕೊಟ್ಟು, ಉಳಿದದ್ದನ್ನು ಹಗುರವಾಗಿ ಹೇಳಬೇಕೆಂದು ಫೋನೇ ಬುದ್ಧಿ ಹೇಳಿತು. ಯಾರಿಗೆ? ನನಗೆ! ಪೆನ್ಸಿಲ್ ತೆಗೆದು ಲಘು-ಗುರು ಹಾಕಿದೆ. ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಗಣ ವಿಂಗಡಿಸಿದೆ. ಸುರಕ್ಷತೆಯ ತಲೆ ಒಂದು ಗಣಕ್ಕೆ ಹೋಯಿತು, ಬಾಲ ಇನ್ನೊಂದಕ್ಕೆ. ಆದರೆ ಛಂದಸ್ಸು ಶುದ್ಧ!

"ರೀ, ಸುಮ್ನೆ ಇಂಗ್ಲಿಷಲ್ಲಿ ಥ್ಯಾಂಕ್ಯೂ ಅನ್ಬಾರ್ದಾ?" ಎಂದಳು ಹೆಂಡತಿ ಶೈಲಾ.

"ಅದನ್ನ ಲಿಫ್ಟ್ ಬಾಗಿಲು ಹಿಡಿದೋರಿಗೂ ಹೇಳ್ತೀವಿ ಕಣೇ," ಎಂದೆ.

ಬೀಳ್ಕೊಡುಗೆ ಎಲೆಕ್ಟ್ರಾ ಸ್ಟ್ರೀಟಿನ ಒಂದು ಹೋಟೆಲಿನಲ್ಲಿ. ಮೈಕ್ ಹಿಡಿದೊಡನೆ ದನಿ ನಡುಗಿತು. ನಡುಕ ಮುಚ್ಚಲು ರಾಗ ತೆಗೆದೆ. ಗಣಕ್ಕೊಂದು ನಿಲುಗಡೆ, ಗುರುವಿಗೊಂದು ಎಳೆತ! ಎರಡನೇ ಸಾಲಿಗೆ ಯಾನ್ ಎದ್ದು ನಿಂತು, ಕಣ್ಣು ಮುಚ್ಚಿ, ಕೈ ಜೋಡಿಸಿದರು. ಅವರನ್ನು ನೋಡಿ ಸಭೆಯೆಲ್ಲ ಎದ್ದಿತು. ವೇಟರ್ ಕೂಡ ಟ್ರೇ ಇಳಿಸಿ ತಲೆ ಬಾಗಿಸಿದ. ಶೈಲಾ ಮಾತ್ರ ತುಟಿ ಕಚ್ಚಿಕೊಂಡು ವಿಡಿಯೊ ಮಾಡುತ್ತಿದ್ದಳು.

ಮುಗಿದ ಮೇಲೆ ಯಾನ್ ನನ್ನ ಕೈ ಹಿಡಿದುಕೊಂಡರು. "ನಿಮ್ಮೂರಿನ ಪ್ರಾರ್ಥನೆ ಬಹಳ ಚೆನ್ನಾಗಿದೆ. ಏನಿದರ ಅರ್ಥ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸ್ವಾಮಿ, ಅದು ನಿಮ್ಮೂರಿನದೇ ಎನ್ನಲು ಬಾಯಿ ಬರಲಿಲ್ಲ. "ಪ್ರಯಾಣ ಸುಖವಾಗಿರಲಿ ಅಂತ," ಎಂದುಬಿಟ್ಟೆ. ಊರಿನಲ್ಲಿದ್ದ ತಮ್ಮ ಹೆಂಡತಿಗೆ ತೋರಿಸುವೆನೆಂದು ಅವರು ವಿಡಿಯೊ ಕಳಿಸಿಕೊಂಡು ಹೊರಟೇಹೋದರು. ನಾನು ಊಟ ಸೇರದೆ ಮನೆಗೆ ಬಂದೆ. ಒಂದು ಉಪಕಾರವನ್ನು ನೆನೆಯಲು ಹೋಗಿ ನನ್ನ ಜಾಣತನ ಮೆರೆಸಿ ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹದಿನೈದು ದಿನದ ಮೇಲೆ ಹಾಲೆಂಡಿನಿಂದ ಸಂದೇಶ ಬಂತು: "ನಿಮ್ಮ ಪ್ರಾರ್ಥನೆಯನ್ನು ನನ್ನ ಹೆಂಡತಿ ಐದು ಸಲ ಕೇಳಿದಳು. ಇದು ಡಚ್ಚೇ ಎಂದು ಹಟ ಹಿಡಿದಿದ್ದಾಳೆ. ಯಾರೋ ಬಿದ್ದದ್ದು, ನಾನು ಹೆಗಲ ಮೇಲೆ ಹೊತ್ತದ್ದು ಎಲ್ಲ ಇದೆಯಂತೆ. ಹೌದೇ?"

ಈ ಸಲ ಪೆನ್ಸಿಲ್ ಮುಟ್ಟಲಿಲ್ಲ. ಬಿದ್ದವನು ನಾನು, ಹೊತ್ತವರು ನೀವು, ಅದನ್ನು ಒಂದು ದಿನವೂ ಮರೆತಿಲ್ಲ ಎಂದು ಸರಳ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಕಣ್ಣು ಒದ್ದೆಯಾಯಿತು.

ಉತ್ತರ ತಕ್ಷಣ ಬಂತು.

"ಓ, ಅದು ನೀವಾ! ನಾನು ಸ್ಟೋರ್ಸಿನ ನಾಯರ್ ಅಂದುಕೊಂಡು, ಆರು ವರ್ಷ ಪ್ರತಿ ಬೇಸಿಗೆಯಲ್ಲೂ ಅವರನ್ನು ನೆರಳಿನಲ್ಲಿ ಕೂರಿಸಿದ್ದೆ!"